ನಗರಸಭೆಯ ನೌಕರರಿಗೆ ಪರಿಹಾರ ವಿಮೆ: ಮೊದಲು ಹಾಜರಿ ಪುಸ್ತಕ ತೆಗೆಯಿರಿ

ಬಸವಕಲ್ಯಾಣದಿಂದ ಸೊಲ್ಲಾಪುರದ ಕಡೆ ಹೆದ್ದಾರಿ ಹಿಡಿದು ಗಡಿ ದಾಟಿದರೆ ಉಮರಗಾ. ಅದು ಧಾರಾಶಿವ ಜಿಲ್ಲೆ, ಹಿರಿಯರ ಬಾಯಲ್ಲಿ ಇನ್ನೂ ಉಸ್ಮಾನಾಬಾದ್. ಆ ಜಿಲ್ಲೆಯ ಪರಿಹಾರ ಆಯುಕ್ತರ ಮುಂದೆ ಒಮ್ಮೆ ಸಕ್ಕರೆ ಕಾರ್ಖಾನೆಯ ಕಾವಲುಗಾರನೊಬ್ಬನ ಕುಟುಂಬ ಅರ್ಜಿ ಹಾಕಿತ್ತು. 2003ರ ಏಪ್ರಿಲ್‌ನಲ್ಲಿ, ನಸುಕಿನ ಮೂರು ಗಂಟೆಯ ಪಾಳಿಗೆ ಹೊರಟವನು, ಕಾರ್ಖಾನೆ ಇನ್ನೂ ಐದು ಕಿಲೋಮೀಟರ್ ಇರುವಾಗ ಅಪಘಾತದಲ್ಲಿ ತೀರಿಕೊಂಡಿದ್ದ. ಆಯುಕ್ತರು ₹3,26,140 ಪರಿಹಾರ ಮತ್ತು ಬಡ್ಡಿ ಕೊಡಿ ಎಂದರು. ವಿಮಾ ಕಂಪನಿ ಮೇಲ್ಮನವಿ ಹೋಯಿತು: ಆತ ಕೆಲಸದ ಜಾಗ ಮುಟ್ಟಿಯೇ ಇರಲಿಲ್ಲವಲ್ಲ! ಬಾಂಬೆ ಹೈಕೋರ್ಟ್ ಆ ವಾದ ಒಪ್ಪಿತು. ಕೊನೆಗೆ 2025ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಆಯುಕ್ತರ ಆದೇಶವನ್ನೇ ಎತ್ತಿಹಿಡಿಯಿತು. ಕೆಲಸಕ್ಕೆ ಹೋಗುವ ದಾರಿಗೂ ಕೆಲಸಕ್ಕೂ ಸಮಯ, ಸ್ಥಳ, ಸಂದರ್ಭದ ನಂಟು ಇದ್ದರೆ ಅದು ಕೆಲಸದ ಅಪಘಾತವೇ ಎಂದಿತು. ಅಷ್ಟರಲ್ಲಿ 22 ವರ್ಷ ಕಳೆದಿತ್ತು.

ನಸುಕಿನಲ್ಲೇ ಮನೆ ಬಿಡುವವರು ನಮ್ಮಲ್ಲೂ ಇದ್ದಾರೆ. ಬಸವಕಲ್ಯಾಣ ನಗರಸಭೆ, ಹುಮನಾಬಾದ್ ಪುರಸಭೆ ಎರಡೂ ಕಡೆ ಕಸ ಗುಡಿಸುವವರು, ಆಟೊ ಟಿಪ್ಪರ್ ಓಡಿಸುವವರು, ನೀರು ಬಿಡುವವರು, ಕಂಬ ಹತ್ತಿ ಬೀದಿದೀಪ ಸರಿಮಾಡುವವರು, ಚರಂಡಿ ಹೂಳೆತ್ತುವವರು ಊರು ಏಳುವ ಮುಂಚೆ ಕೆಲಸಕ್ಕಿಳಿಯುತ್ತಾರೆ. ಇವರಲ್ಲಿ ಒಬ್ಬರಿಗೆ ಅಪಘಾತವಾದರೆ ದುಡ್ಡು ಯಾರು ಕೊಡಬೇಕು, ಆ ದುಡ್ಡಿಗೆ ವಿಮೆ ಹೇಗೆ ಕೊಳ್ಳಬೇಕು ಎಂಬುದು ಈ ಲೇಖನದ ವಿಷಯ. ಪೌರಾಯುಕ್ತರು, ಮುಖ್ಯಾಧಿಕಾರಿಗಳು, ಸದಸ್ಯರು ಓದಲಿ ಎಂದು ಬರೆದದ್ದು. ಪೌರಕಾರ್ಮಿಕರ ಸಂಘದವರು ಓದಿದರೆ ಇನ್ನೂ ಒಳ್ಳೆಯದು. ಕಾಯಕದ ಬಗ್ಗೆ ಕಲ್ಯಾಣದ ವೇದಿಕೆಗಳಲ್ಲಿ ಭಾಷಣಕ್ಕೆ ಕೊರತೆಯಿಲ್ಲ, ಹಾಗಾಗಿ ಇಲ್ಲಿ ಲೆಕ್ಕದ ಮಾತಷ್ಟೇ.

ಹೊಣೆ ಕಾನೂನಿನದು, ವಿಮೆಯದಲ್ಲ

ಮೊದಲು ಒಂದು ಗೊಂದಲ ಬಿಡಿಸಿಕೊಳ್ಳೋಣ. ವಿಮೆ ಇದ್ದರೆ ಮಾತ್ರ ಪರಿಹಾರ ಎಂದು ಬಹಳ ಮಂದಿ ನಂಬಿದ್ದಾರೆ. ವಿಮೆ ಇರಲಿ, ಬಿಡಲಿ, ಕೆಲಸದಲ್ಲಿ ಆದ ಅಪಘಾತಕ್ಕೆ ಪರಿಹಾರ ಕೊಡುವುದು ಮಾಲೀಕನ ಹೊಣೆ. 1923ರ ಕಾಯ್ದೆ ಹಾಗೆಂದಿತ್ತು. ಮೊದಲು ಅದಕ್ಕೆ ಕಾರ್ಮಿಕರ ಪರಿಹಾರ ಕಾಯ್ದೆ ಎಂದು ಹೆಸರು, 2010ರಿಂದ ನೌಕರರ ಪರಿಹಾರ ಕಾಯ್ದೆ. 2025ರ ನವೆಂಬರ್ 21ರಿಂದ ಅದರ ಜಾಗಕ್ಕೆ ಸಾಮಾಜಿಕ ಭದ್ರತಾ ಸಂಹಿತೆ, 2020 ಬಂದಿದೆ. ಪರಿಹಾರದ ಮಾತೆಲ್ಲ ಅದರ ಏಳನೆಯ ಅಧ್ಯಾಯದಲ್ಲಿದೆ. ಕೆಲಸಕ್ಕೆ ಹೋಗಿಬರುವ ದಾರಿಯ ಅಪಘಾತವನ್ನು ಸಂಹಿತೆ ತಾನೇ ಸೇರಿಸಿಕೊಂಡಿದೆ. ಉಸ್ಮಾನಾಬಾದಿನ ಕುಟುಂಬ ಸುಪ್ರೀಂ ಕೋರ್ಟಿನವರೆಗೆ ಹೋಗಿ ಪಡೆದದ್ದು ಈಗ ಕಾನೂನಿನ ಪುಟದಲ್ಲೇ ಇದೆ.

‘ಇದು ಕಾರ್ಖಾನೆಯವರಿಗೆ, ನಮಗಲ್ಲ’ ಎನ್ನುವ ಅಧಿಕಾರಿಗಳೂ ಇದ್ದಾರೆ. ಸ್ಥಳೀಯ ಸಂಸ್ಥೆ ತನ್ನ ಕರ್ತವ್ಯವಾಗಿ ಮಾಡುವ ಕೆಲಸವನ್ನು ಅದರ ವ್ಯಾಪಾರ ಅಥವಾ ಉದ್ಯಮ ಎಂದೇ ಎಣಿಸಬೇಕು ಎಂದು 1923ರ ಕಾಯ್ದೆಯ 2ನೇ ಕಲಮು ಹೇಳಿತ್ತು. ನಗರಸಭೆ ಲಾಭಕ್ಕೆ ಕೆಲಸ ಮಾಡುವುದಿಲ್ಲ ಎಂಬ ಸಮಜಾಯಿಷಿ ಅಲ್ಲಿಗೇ ಮುಗಿಯಿತು.

ಪರಿಹಾರದ ಲೆಕ್ಕ ಹೀಗೆ. ಸಾವಾದರೆ ತಿಂಗಳ ವೇತನದ ಶೇ 50ನ್ನು ವಯಸ್ಸಿಗೆ ತಕ್ಕ ಗುಣಾಂಕದಿಂದ ಗುಣಿಸುವುದು. ದುಡಿಯುವ ಶಕ್ತಿಯೇ ಪೂರ್ತಿ, ಶಾಶ್ವತವಾಗಿ ಹೋದರೆ ಶೇ 60. ಲೆಕ್ಕಕ್ಕೆ ಹಿಡಿಯುವ ವೇತನಕ್ಕೆ 2020ರ ಜನವರಿ 3ರಿಂದ ₹15,000ದ ಮಿತಿ ಇದೆ. ಅದಕ್ಕೂ ಮುಂಚೆ ₹8,000 ಇತ್ತು. ಗುಣಾಂಕ 30ರ ವಯಸ್ಸಿಗೆ 207.98, 40ಕ್ಕೆ 184.17, 50ಕ್ಕೆ 153.09. ಅಂದರೆ ₹15,000 ವೇತನದ 40 ವರ್ಷದ ಲೋಡರ್ ಒಬ್ಬರು ತೀರಿಕೊಂಡರೆ 7,500 × 184.17 = ₹13,81,275. ಅವರೇ ಶಾಶ್ವತವಾಗಿ ಹಾಸಿಗೆ ಹಿಡಿದರೆ ₹16,57,530. ಸಂಬಳ ₹18,000 ಇದ್ದರೂ ಲೆಕ್ಕ ₹15,000ಕ್ಕೇ ನಿಲ್ಲುತ್ತದೆ. ಪಾಲಿಸಿ ಕೊಳ್ಳುವ ದಿನ ಯಾವ ಮಿತಿ ಜಾರಿಯಲ್ಲಿದೆ ಎಂದು ಕಾರ್ಮಿಕ ಇಲಾಖೆಯಲ್ಲಿ ಒಮ್ಮೆ ಕೇಳಿಕೊಳ್ಳಿ.

ಕೈಕಾಲು ಮುರಿದು ಕೆಲವು ತಿಂಗಳು ಮನೆಯಲ್ಲಿ ಕೂರಬೇಕಾದರೆ ಹದಿನೈದು ದಿನಕ್ಕೊಮ್ಮೆ ತಿಂಗಳ ವೇತನದ ಶೇ 25, ಹೆಚ್ಚೆಂದರೆ ಐದು ವರ್ಷ. ₹15,000ದವರಿಗೆ ತಿಂಗಳಿಗೆ ಸಿಗುವುದು ₹7,500. ಚಿಕಿತ್ಸೆಯ ವಾಸ್ತವ ಖರ್ಚು ಬೇರೆ, ಅದೂ ಮಾಲೀಕನದೇ. ತಡಮಾಡಿದರೆ ಇನ್ನೂ ದುಬಾರಿ: ಒಂದು ತಿಂಗಳೊಳಗೆ ಕೊಡದಿದ್ದರೆ 1923ರ ಕಾಯ್ದೆಯಂತೆ ಶೇ 12 ಬಡ್ಡಿ, ಸಕಾರಣವಿಲ್ಲದೆ ತಡವಾದರೆ ಪರಿಹಾರದ ಅರ್ಧದವರೆಗೆ ದಂಡ. ಬಡ್ಡಿ ವಿಮಾ ಕಂಪನಿಯ ತಲೆಗೆ ಬರಬಹುದು, ದಂಡ ಮಾತ್ರ ಮಾಲೀಕನದೇ ಎಂದು 1997ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. ಯಾರದೋ ಮೇಜಿನ ಮೇಲೆ ಕಡತ ಮಲಗಿದರೆ ಅದರ ಬೆಲೆ ಊರಿನ ತೆರಿಗೆದಾರ ಕಟ್ಟುತ್ತಾನೆ.

ಯಾರು ನಮ್ಮ ಮಂದಿ?

ಇಲ್ಲೇ ಹೆಚ್ಚಿನ ಸಂಸ್ಥೆಗಳು ಎಡವುವುದು. ಕಂಪನಿಯವರು ಕೇಳುವ ಮೊದಲ ಪ್ರಶ್ನೆ, ನಿಮ್ಮಲ್ಲಿ ಎಷ್ಟು ಜನ? ಕಚೇರಿಯಿಂದ ಹೋಗುವ ಉತ್ತರ ಕಾಯಂ ನೌಕರರ ಸಂಖ್ಯೆ. ಆದರೆ ಅಪಾಯದ ಕೆಲಸದಲ್ಲಿ ಇರುವವರು ಬಹಳಷ್ಟು ಸಲ ನೇರಪಾವತಿಯವರು, ದಿನಗೂಲಿಯವರು, ಹೊರಗುತ್ತಿಗೆಯವರು. ಹುಮನಾಬಾದಿನಲ್ಲಿ ವೀರಭದ್ರೇಶ್ವರ ಜಾತ್ರೆ ಬಂದರೆ, ಬಸವಕಲ್ಯಾಣದಲ್ಲಿ ಬಸವ ಜಯಂತಿಯೋ ಉರುಸೋ ಬಂದರೆ ನಾಲ್ಕಾರು ದಿನಕ್ಕೆ ಹೆಚ್ಚುವರಿ ಆಳು ಹಿಡಿಯುವುದುಂಟು. ಅವರ ಹೆಸರು ಯಾವ ಪಟ್ಟಿಯಲ್ಲೂ ಇರುವುದಿಲ್ಲ. ಚರಂಡಿಗೆ ಬಿದ್ದವನ ಹೆಸರು ಪಟ್ಟಿಯಲ್ಲಿಲ್ಲ ಎಂದರೆ ವಿಮಾ ಕಂಪನಿಗೆ ಖುಷಿ. ನಗರಸಭೆಯ ಹೊಣೆ ಮಾತ್ರ ಒಂದು ರೂಪಾಯಿಯೂ ಇಳಿಯುವುದಿಲ್ಲ.

ಆದ್ದರಿಂದ ಕೊಟೇಶನ್ ಕೇಳುವ ಮೊದಲು ಆರೋಗ್ಯ ಶಾಖೆ, ನೀರು ಸರಬರಾಜು, ವಿದ್ಯುತ್, ಎಂಜಿನಿಯರಿಂಗ್, ಉದ್ಯಾನ ಎಲ್ಲ ಶಾಖೆಗಳ ಹಾಜರಿ ಪುಸ್ತಕ ಒಂದೇ ಮೇಜಿಗೆ ತರಿಸಿ. ಹೆಸರಿನ ಮುಂದೆ ವಯಸ್ಸು, ಮಾಡುವ ಕೆಲಸ, ತಿಂಗಳ ವೇತನ, ಸಂಬಳ ಯಾರಿಂದ ಎಂಬ ನಾಲ್ಕು ವಿವರ ಬರೆಯಿರಿ. ವಯಸ್ಸಿನ ದಾಖಲೆ ಈಗಲೇ ಸರಿಮಾಡಿಕೊಳ್ಳುವುದು ಲೇಸು. ಆಧಾರ್‌ನಲ್ಲಿ ಒಂದು, ಮತದಾರರ ಚೀಟಿಯಲ್ಲಿ ಇನ್ನೊಂದು ಇರುವುದು ನಮ್ಮ ಕಡೆ ಅಪರೂಪವೇನಲ್ಲ. ಮೇಲಿನ ಗುಣಾಂಕ ನೋಡಿ: ನಲವತ್ತೋ ಐವತ್ತೋ ಎಂಬ ಜಗಳಕ್ಕೆ ₹2,33,100 ಬೆಲೆ.

ಇನ್ನು ಗುತ್ತೇದಾರನ ವಿಷಯ. ‘ಅವ್ರು ನಮ್ ಮಂದಿ ಅಲ್ರಿ, ಗುತ್ತೇದಾರನ ಮಂದಿ’ ಎಂಬ ಮಾತು ಕಚೇರಿಗಳಲ್ಲಿ ಸಲೀಸು. ಕಾನೂನು ಅದನ್ನು ಒಪ್ಪುವುದಿಲ್ಲ. ನಗರಸಭೆಯ ಕೆಲಸವನ್ನು ಗುತ್ತಿಗೆಗೆ ಕೊಟ್ಟಾಗ ಗುತ್ತೇದಾರನ ಆಳಿಗೆ ಏಟು ಬಿದ್ದರೆ, ಆ ಆಳು ನೇರವಾಗಿ ನಗರಸಭೆಯಿಂದಲೇ ಪರಿಹಾರ ಕೇಳಬಹುದು. ಕೊಟ್ಟ ಮೇಲೆ ನಗರಸಭೆ ಅದನ್ನು ಗುತ್ತೇದಾರನಿಂದ ವಸೂಲು ಮಾಡಿಕೊಳ್ಳಲಿ. ಹಳೆಯ ಕಾಯ್ದೆಯ 12ನೇ ಕಲಮು ಇದು, ಸಂಹಿತೆಯಲ್ಲೂ ಉಳಿದಿದೆ. ‘ಅಪಘಾತವಾದರೆ ನಮಗೆ ಸಂಬಂಧವಿಲ್ಲ’ ಎಂದು ಆಳುಗಳಿಂದ ಬರೆಸಿಕೊಂಡ ಕಾಗದಕ್ಕೆ ಬೆಲೆಯಿಲ್ಲ; ಹಕ್ಕು ಬಿಟ್ಟುಕೊಡುವ ಒಪ್ಪಂದವನ್ನು ಕಾನೂನು ಅಸಿಂಧು ಎನ್ನುತ್ತದೆ.

ಹಾಗಾಗಿ ಟೆಂಡರಿನಲ್ಲೇ ಷರತ್ತು ಹಾಕಿ. ಗುತ್ತೇದಾರ ತನ್ನ ಎಲ್ಲ ಆಳುಗಳಿಗೆ ಪರಿಹಾರ ವಿಮೆ ಮಾಡಿಸಬೇಕು, ಅದರಲ್ಲಿ ನಗರಸಭೆಯ ಹೆಸರು ಮುಖ್ಯ ಮಾಲೀಕ ಎಂದು ಸೇರಿರಬೇಕು, ಪಾಲಿಸಿಯ ಪ್ರತಿ ಬಾರದೆ ಮೊದಲ ಬಿಲ್ಲು ಪಾಸಾಗಬಾರದು. ಪ್ರತಿ ತಂದುಕೊಟ್ಟರೆ ಸಾಲದು, ಅದರಲ್ಲಿರುವ ಆಳಿನ ಸಂಖ್ಯೆಯನ್ನು ಮಸ್ಟರ್ ರೋಲ್ ಜೊತೆ ತಾಳೆ ನೋಡಿ. ಮಸ್ಟರ್‌ನಲ್ಲಿ ನಲವತ್ತು, ಪಾಲಿಸಿಯಲ್ಲಿ ಹತ್ತು ಇದ್ದರೆ ಆ ಪಾಲಿಸಿ ಕಡತದ ಅಲಂಕಾರಕ್ಕೆ ಮಾತ್ರ. ಇಷ್ಟೆಲ್ಲ ಮಾಡಿದ ಮೇಲೂ ನಗರಸಭೆ ತನ್ನ ಪಾಲಿಸಿಯಲ್ಲಿ ಗುತ್ತೇದಾರನ ಆಳುಗಳ ಹೆಚ್ಚುವರಿ ರಕ್ಷಣೆ ಕೊಳ್ಳುವುದು ಒಳ್ಳೆಯದು ಎಂದು ನನ್ನ ಅಭಿಪ್ರಾಯ. ಗುತ್ತೇದಾರನ ಪಾಲಿಸಿ ನಡುವೆ ನಿಂತುಹೋದರೂ ಕಚೇರಿಗೆ ಅದು ಗೊತ್ತಾಗುವುದು ಅಪಘಾತವಾದ ದಿನವೇ.

ಇಎಸ್‌ಐ ಇದೆಯೇ, ನೋಡಿ

ಪಟ್ಟಿಯಲ್ಲಿ ಯಾರಾದರೂ ಇಎಸ್‌ಐ (ನೌಕರರ ರಾಜ್ಯ ವಿಮೆ) ವ್ಯಾಪ್ತಿಗೆ ಬರುತ್ತಾರೆಯೇ ಎಂಬುದನ್ನು ಪ್ರೀಮಿಯಂ ಕಟ್ಟುವ ಮುಂಚೆಯೇ ಖಚಿತಪಡಿಸಿಕೊಳ್ಳಿ. ವೇತನ ₹21,000 ಮೀರದವರಿಗೆ ಮಾಲೀಕ ಶೇ 3.25, ನೌಕರ ಶೇ 0.75 ಕಟ್ಟುವ ಯೋಜನೆ ಅದು. ಹೊರಗುತ್ತಿಗೆ ಸಂಸ್ಥೆಗಳು ಸಂಬಳದ ಚೀಟಿಯಲ್ಲಿ ಇಎಸ್‌ಐ ಕಡಿತ ತೋರಿಸುತ್ತವೆ. ನಿಜಕ್ಕೂ ಕಟ್ಟಿದ್ದಾರೆಯೇ ಎಂದು ಪ್ರತಿ ತಿಂಗಳ ಚಲನ್ ಕೇಳಿ. ಇಎಸ್‌ಐ ವಿಮೆ ಇರುವವರಿಗೆ ಅಪಘಾತದ ಸೌಲಭ್ಯ ಅಲ್ಲಿಂದಲೇ, ಅದೇ ಗಾಯಕ್ಕೆ ಮಾಲೀಕನಿಂದ ಇನ್ನೊಂದು ಪರಿಹಾರ ಕೇಳುವಂತಿಲ್ಲ. ಅವರನ್ನೂ ಪಾಲಿಸಿಗೆ ಸೇರಿಸಿದರೆ ಪ್ರೀಮಿಯಂ ದಂಡ. ಚಲನ್ ಇಲ್ಲದವರನ್ನು ಬಿಟ್ಟರೆ ಅದು ಇನ್ನೂ ದೊಡ್ಡ ತಪ್ಪು.

ವರ್ಷಕ್ಕೆ ₹20 ಪ್ರೀಮಿಯಂನ ಪ್ರಧಾನಮಂತ್ರಿ ಸುರಕ್ಷಾ ಬಿಮಾ, ಬ್ಯಾಂಕಿನ ಸಂಬಳ ಖಾತೆಯ ಜೊತೆ ಬರುವ ಅಪಘಾತ ವಿಮೆ, ಗುಂಪು ವೈಯಕ್ತಿಕ ಅಪಘಾತ ವಿಮೆ ಇವೆಲ್ಲ ಬೇರೆ ಜಾತಿಯವು. ಅವು ಕುಟುಂಬಕ್ಕೆ ಸಿಗಲಿ, ಒಳ್ಳೆಯದೇ. ಸುರಕ್ಷಾ ಬಿಮಾದ ₹2 ಲಕ್ಷ ಬಂತೆಂದು ನಗರಸಭೆಯ ₹13.81 ಲಕ್ಷದ ಹೊಣೆ ಕರಗುವುದಿಲ್ಲ. ಏಜೆಂಟರು ಕೆಲವೊಮ್ಮೆ ಅಗ್ಗ ಎಂದು ಗುಂಪು ಅಪಘಾತ ವಿಮೆಯನ್ನೇ ಪರಿಹಾರ ವಿಮೆ ಎಂಬಂತೆ ಮಾರುತ್ತಾರೆ. ಪಾಲಿಸಿಯ ತಲೆಬರಹ ಓದಿ.

ಪಾಲಿಸಿಯಲ್ಲಿ ಏನಿರಬೇಕು

ನ್ಯೂ ಇಂಡಿಯಾ, ಯುನೈಟೆಡ್ ಇಂಡಿಯಾ, ಓರಿಯಂಟಲ್, ನ್ಯಾಷನಲ್ ಎಂಬ ನಾಲ್ಕು ಸರ್ಕಾರಿ ಕಂಪನಿಗಳೂ, ಹಲವು ಖಾಸಗಿ ಕಂಪನಿಗಳೂ ಈ ಪಾಲಿಸಿ ಮಾರುತ್ತವೆ. ತಳಹದಿ ಒಂದೇ, ಆದರೆ ಹೊರಗಿಡುವ ಅಂಶಗಳಲ್ಲಿ ವ್ಯತ್ಯಾಸ ಬಹಳ. ಕೊಟೇಶನ್ ಹೋಲಿಸುವಾಗ ಬರೀ ಕೊನೆಯ ಮೊತ್ತ ನೋಡಿದರೆ ಮೋಸಹೋಗುತ್ತೀರಿ.

ಮೊದಲ ಪರೀಕ್ಷೆ ಕಾನೂನಿನ ಹೆಸರು. ಹಳೆಯ ನಮೂನೆಯಲ್ಲಿ 1923ರ ಕಾಯ್ದೆಯ ಹೆಸರು ಮಾತ್ರ ಇದ್ದರೆ 2020ರ ಸಂಹಿತೆಯ ಹೊಣೆಯೂ ಸೇರಿದೆ ಎಂದು ಎಂಡಾರ್ಸ್‌ಮೆಂಟ್ ಬರೆಸಿಕೊಳ್ಳಿ. ಹೋಗಿಬರುವ ದಾರಿಯ ಅಪಘಾತವನ್ನೂ ಅದರಲ್ಲೇ ಸ್ಪಷ್ಟಪಡಿಸಿಕೊಳ್ಳಿ. ಬಾಯಿಮಾತಿನ ‘ಎಲ್ಲಾ ಬರ್ತದ ಬಿಡ್ರಿ’ಗೆ ನ್ಯಾಯಾಲಯದಲ್ಲಿ ಕವಡೆ ಕಿಮ್ಮತ್ತಿಲ್ಲ.

ಎರಡನೆಯದು ಚಿಕಿತ್ಸೆಯ ಖರ್ಚು. ಮೂಲ ಪಾಲಿಸಿಯಲ್ಲಿ ಇದು ಸಾಮಾನ್ಯವಾಗಿ ಇರುವುದಿಲ್ಲ, ಹೆಚ್ಚುವರಿ ಪ್ರೀಮಿಯಂ ಕೊಟ್ಟು ಸೇರಿಸಬೇಕು, ಅದಕ್ಕೂ ಒಬ್ಬರಿಗೆ ಇಷ್ಟು ಎಂಬ ಮಿತಿ. ಎರಡೂ ಊರಿನಲ್ಲಿ ತಾಲ್ಲೂಕು ಆಸ್ಪತ್ರೆ ಇದೆ, ಬೀದರಿನಲ್ಲಿ ಬ್ರಿಮ್ಸ್ ಬೋಧಕ ಆಸ್ಪತ್ರೆ ಇದೆ. ಆದರೆ ತಲೆಗೆ, ಬೆನ್ನುಹುರಿಗೆ ಏಟು ಬಿದ್ದವರನ್ನು ಕರೆದೊಯ್ಯುವುದು ಕಲಬುರಗಿಗೋ ಸೊಲ್ಲಾಪುರಕ್ಕೋ ಹೈದರಾಬಾದಿಗೋ. ಒಬ್ಬರಿಗೆ ₹25,000 ಮಿತಿಯ ಪಾಲಿಸಿ ಹೈದರಾಬಾದಿನ ಐಸಿಯುವಿನಲ್ಲಿ ಮೊದಲ ದಿನದ್ದಕ್ಕೂ ಸಾಲದು. ಮಿತಿ ಎಷ್ಟಿರಬೇಕೆಂದು ನಿಮ್ಮ ಊರಿನವರು ಎಲ್ಲಿ ಚಿಕಿತ್ಸೆ ಪಡೆಯುತ್ತಾರೆ ಎಂಬುದರ ಮೇಲೆ ತೀರ್ಮಾನಿಸಿ. ಕೊರತೆ ಬಿದ್ದದ್ದನ್ನು ನಗರಸಭೆಯೇ ಕಟ್ಟಬೇಕಾಗುತ್ತದೆ.

ವಿಷಾನಿಲ, ರಾಸಾಯನಿಕಗಳಿಂದ ಬರುವ ಉದ್ಯೋಗಜನ್ಯ ರೋಗಗಳ ರಕ್ಷಣೆಯನ್ನೂ ಕೇಳಿ. ಕೈಗಾರಿಕಾ ಪ್ರದೇಶ ಇರುವ ಹುಮನಾಬಾದಿನಂಥ ಊರಿನಲ್ಲಿ ಕಸ ಎತ್ತುವವರ ಕೈಗೆ ಏನೆಲ್ಲ ಬರುತ್ತದೆ ಎಂದು ಹೇಳಲಾಗದು. ತಡದ ಬಡ್ಡಿಯನ್ನು ಕಂಪನಿ ಹೊರಗಿಟ್ಟಿದೆಯೇ ಎಂದೂ ನೋಡಿ. ಹೆಸರು ನಮೂದಿಸಿದ ಪಾಲಿಸಿಗಿಂತ ಹುದ್ದೆವಾರು ಸಂಖ್ಯೆಯ ಪಾಲಿಸಿ ನಗರಸಭೆಗೆ ಹೊಂದುತ್ತದೆ, ಏಕೆಂದರೆ ಆಳುಗಳು ಬದಲಾಗುತ್ತಲೇ ಇರುತ್ತಾರೆ.

ಆಟೊ ಟಿಪ್ಪರ್, ಟ್ರ್ಯಾಕ್ಟರ್, ಸಕ್ಕಿಂಗ್ ಯಂತ್ರದ ವಾಹನಗಳಿಗೆ ಮೋಟಾರು ವಿಮೆ ಬೇರೆ ಇರುತ್ತದೆ. ಅದರಲ್ಲಿ ಚಾಲಕ ಮತ್ತು ಜೊತೆಗಿರುವ ಆಳುಗಳ ಹೊಣೆಗೆ ಪ್ರೀಮಿಯಂ ಕಟ್ಟಿದೆಯೇ ನೋಡಿ. ವಾಹನ ಅಪಘಾತದಲ್ಲಿ ಮೋಟಾರು ಕಾಯ್ದೆಯಡಿಯೋ ಪರಿಹಾರದ ಕಾನೂನಿನಡಿಯೋ ಒಂದನ್ನು ಆರಿಸಿಕೊಳ್ಳಬಹುದು, ಎರಡನ್ನೂ ಅಲ್ಲ. ಟಿಪ್ಪರಿನ ಹಿಂದೆ ಜೋತಾಡುತ್ತ ಹೋಗುವ ಆಳನ್ನು ನೋಡಿದರೆ ಯಾವ ಸರ್ವೇಯರನೂ ಆಕ್ಷೇಪ ಬರೆಯದೆ ಬಿಡುವುದಿಲ್ಲ. ಅದನ್ನು ನಿಲ್ಲಿಸಲು ವಿಮೆಯೇನೂ ಬೇಕಿಲ್ಲ.

ಮ್ಯಾನ್‌ಹೋಲ್ ಬಗ್ಗೆ ಮಾತ್ರ ಖಡಾಖಂಡಿತವಾಗಿ ಹೇಳಬೇಕು. ಮನುಷ್ಯರನ್ನು ರಕ್ಷಣಾ ಸಾಧನವಿಲ್ಲದೆ ಒಳಚರಂಡಿಗೆ ಇಳಿಸುವುದು ಮಲ ಹೊರುವ ಪದ್ಧತಿ ನಿಷೇಧಿಸುವ 2013ರ ಕಾಯ್ದೆಯಡಿ ಅಪರಾಧ. ಇಳಿಸಿ ಸಾವಾದರೆ ₹30 ಲಕ್ಷ, ಶಾಶ್ವತ ಅಂಗವೈಕಲ್ಯವಾದರೆ ಕನಿಷ್ಠ ₹20 ಲಕ್ಷ ಕೊಡಬೇಕೆಂದು 2023ರ ಅಕ್ಟೋಬರ್ 20ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಪರಿಹಾರ ವಿಮೆ ಈ ಮೊತ್ತಕ್ಕಾಗಿ ಮಾಡಿದ್ದಲ್ಲ. ಪಾಲಿಸಿ ಇದೆಯಲ್ಲ ಎಂಬ ಧೈರ್ಯದಲ್ಲಿ ಯಾರನ್ನೂ ಇಳಿಸಬೇಡಿ.

ಪ್ರೀಮಿಯಂ ಮತ್ತು ಟೆಂಡರ್

ಪ್ರೀಮಿಯಂ ನಿಲ್ಲುವುದು ವರ್ಷದ ಒಟ್ಟು ವೇತನದ ಮೇಲೆ. ಸಾವಿರ ರೂಪಾಯಿ ವೇತನಕ್ಕೆ ಇಷ್ಟು ಎಂದು ಕೆಲಸದ ಅಪಾಯ ನೋಡಿ ದರ ಹಾಕುತ್ತಾರೆ. ಲೆಕ್ಕ ತಿಳಿಯಲು ಒಂದು ಕಲ್ಪಿತ ಉದಾಹರಣೆ: 100 ಜನ, ತಿಂಗಳಿಗೆ ₹15,000, ವರ್ಷದ ವೇತನ ₹1.80 ಕೋಟಿ. ದರ ಸಾವಿರಕ್ಕೆ ₹10 ಎಂದಿಟ್ಟುಕೊಂಡರೆ ₹1,80,000, ಅದರ ಮೇಲೆ ಶೇ 18 ಜಿಎಸ್‌ಟಿ ₹32,400, ಒಟ್ಟು ₹2,12,400. ಒಂದೇ ಒಂದು ಸಾವಿನ ಪರಿಹಾರದ ಆರನೇ ಒಂದು ಭಾಗಕ್ಕಿಂತ ಕಡಿಮೆ. ಕಂಬ ಹತ್ತುವವನಿಗೂ ಕಂಪ್ಯೂಟರ್ ಆಪರೇಟರ್‌ಗೂ ದರ ಬೇರೆ ಬೇರೆ, ಎಲ್ಲರನ್ನೂ ಒಂದೇ ಬುಟ್ಟಿಗೆ ಹಾಕಲು ಬಿಡಬೇಡಿ.

ಪ್ರೀಮಿಯಂ ಉಳಿಸಲು ವೇತನ ಕಡಿಮೆ ತೋರಿಸುವ ಚಾಳಿ ಇದೆ. ವರ್ಷದ ಕೊನೆಗೆ ಕಂಪನಿ ನಿಜವಾದ ವೇತನದ ಲೆಕ್ಕ ಕೇಳಿ ಹೊಂದಾಣಿಕೆ ಮಾಡುತ್ತದೆ; ಅಷ್ಟರೊಳಗೆ ಅಪಘಾತವಾದರೆ ಕಡಿಮೆ ತೋರಿಸಿದ ಪ್ರಮಾಣದಲ್ಲೇ ಪರಿಹಾರ ಕಡಿತಗೊಳ್ಳಬಹುದು. ಸಂಬಳದ ರಿಜಿಸ್ಟರಿನ ಪ್ರತಿಯನ್ನೇ ಲಗತ್ತಿಸಿ ಬಿಡಿ.

ಖರೀದಿ ಕೆಟಿಪಿಪಿ ಕಾಯ್ದೆಯ ಚೌಕಟ್ಟಿನಲ್ಲಿ, ಮೊತ್ತಕ್ಕೆ ತಕ್ಕ ವಿಧಾನದಲ್ಲಿ ನಡೆಯಬೇಕು. ಟೆಂಡರಿನಲ್ಲಿ ರಕ್ಷಣೆಯ ವಿವರಗಳನ್ನು ಮೊದಲೇ ಗಟ್ಟಿಯಾಗಿ ಬರೆದು, ಆಮೇಲೆ ದರ ಕೇಳಿ. ಇಲ್ಲದಿದ್ದರೆ ಕಡಿಮೆ ದರದವನು ರಕ್ಷಣೆ ಕತ್ತರಿಸಿ ಗೆಲ್ಲುತ್ತಾನೆ. ಪ್ರೀಮಿಯಂನಲ್ಲಿ ‘ಒಂದಿಷ್ಟು ವಾಪಸ್’ ಎನ್ನುವ ಏಜೆಂಟನನ್ನು ಬಾಗಿಲಿಂದಲೇ ಕಳಿಸಿ. ಕಮಿಷನ್ ಹಂಚಿಕೊಳ್ಳುವುದನ್ನು ವಿಮಾ ಕಾಯ್ದೆಯ 41ನೇ ಕಲಮು ನಿಷೇಧಿಸಿದೆ.

ಎಲ್ಲಕ್ಕಿಂತ ಮುಖ್ಯವಾದ, ಎಲ್ಲರೂ ಮರೆಯುವ ಸಂಗತಿ ಅದೇ ಕಾಯ್ದೆಯ 64ವಿಬಿ ಕಲಮಿನಲ್ಲಿದೆ: ಪ್ರೀಮಿಯಂ ಮುಂಗಡ ಕೈಸೇರದೆ ಕಂಪನಿ ಅಪಾಯದ ಹೊಣೆ ಹೊರುವಂತಿಲ್ಲ. ಕಾರ್ಯಾದೇಶ ಕೊಟ್ಟ ದಿನದಿಂದ ವಿಮೆ ಶುರುವಾಗುವುದಿಲ್ಲ. ರಸ್ತೆ ಕೆಲಸದಲ್ಲಿ ಮೊದಲು ಕೆಲಸ, ಆಮೇಲೆ ಬಿಲ್ಲು. ಅದೇ ರೂಢಿ ವಿಮೆಯಲ್ಲಿ ಹಿಡಿದರೆ ಮಾರ್ಚ್ 31ಕ್ಕೆ ಪಾಲಿಸಿ ಮುಗಿದು, ಹೊಸ ಬಜೆಟ್ಟಿನ ಹಣ ಬಿಡುಗಡೆಯಾಗಿ, ಸಹಿಯಾಗುವಷ್ಟರಲ್ಲಿ ಮೇ ಬಂದಿರುತ್ತದೆ. ನಡುವಿನ ದಿನಗಳಿಗೆ ರಕ್ಷಣೆಯೇ ಇಲ್ಲ. ಪಾಲಿಸಿಯ ವರ್ಷವನ್ನು ಆರ್ಥಿಕ ವರ್ಷದಿಂದ ಬೇರ್ಪಡಿಸಿ, ಅಕ್ಟೋಬರಿನಿಂದ ಸೆಪ್ಟೆಂಬರ್‌ಗೆ ಇಟ್ಟುಕೊಂಡರೆ ಈ ತೊಡಕು ಬಹುಪಾಲು ತಪ್ಪುತ್ತದೆ.

ಅಪಘಾತವಾದ ದಿನ

ಆಸ್ಪತ್ರೆ ಮೊದಲು. ಅದೇ ದಿನ ವಿಮಾ ಕಂಪನಿಗೆ ಇಮೇಲ್, ಅಪಘಾತ ರಿಜಿಸ್ಟರಿನಲ್ಲಿ ನಮೂದು, ವೈದ್ಯರಿಂದ ಎಂಎಲ್‌ಸಿ, ಅಗತ್ಯವಿದ್ದರೆ ಪೊಲೀಸ್ ದೂರು. ಸಾವಾದರೆ ಏಳು ದಿನದೊಳಗೆ ಸಂಬಂಧಪಟ್ಟ ಪ್ರಾಧಿಕಾರಕ್ಕೆ (ಹಳೆಯ ಕಾಯ್ದೆಯಲ್ಲಿ ಪರಿಹಾರ ಆಯುಕ್ತರು) ವರದಿ ಕಳಿಸಿ. ಮರಣೋತ್ತರ ಪರೀಕ್ಷೆಯ ವರದಿ, ವಯಸ್ಸಿನ ದಾಖಲೆ, ಕೊನೆಯ ತಿಂಗಳುಗಳ ವೇತನ ವಿವರ, ಆ ದಿನದ ಹಾಜರಿಯ ಪ್ರತಿ ಕೈಯಲ್ಲಿರಲಿ. ಕುಟುಂಬದವರಿಗೆ ಹೇಳಬೇಕಾದದ್ದು: ಅರ್ಜಿ ಹಾಕಲು ಸಾಮಾನ್ಯವಾಗಿ ಎರಡು ವರ್ಷದ ಗಡುವು.

ಸಾವಿನ ಮನೆಯಲ್ಲಿ ಗುತ್ತೇದಾರನೋ ಹಿರಿಯರೋ ಕೂತು ಎರಡು ಲಕ್ಷಕ್ಕೆ ಮಾತು ಮುಗಿಸುವುದು ನಮ್ಮ ಕಡೆ ಇದೆ. ಸಾವಿನ ಪರಿಹಾರವನ್ನು ಪ್ರಾಧಿಕಾರದ ಬಳಿಯೇ ಠೇವಣಿ ಇಡಬೇಕು, ಹಂಚುವುದು ಅವರ ಕೆಲಸ. ನೇರ ಕೊಟ್ಟ ಹಣವನ್ನು ಪರಿಹಾರವೆಂದು ಲೆಕ್ಕ ಹಿಡಿಯುವುದಿಲ್ಲ. ಮುಂಗಡವಾಗಿ ಕೊಟ್ಟರೆ ಮೂರು ತಿಂಗಳ ವೇತನದಷ್ಟಕ್ಕೆ ಮಾತ್ರ 1923ರ ಕಾಯ್ದೆಯಲ್ಲಿ ವಿನಾಯಿತಿ ಇತ್ತು. ಹೆಬ್ಬೆಟ್ಟು ಒತ್ತಿಸಿಕೊಂಡ ರಾಜಿಪತ್ರ ನಗರಸಭೆಯನ್ನೂ ಕಾಪಾಡುವುದಿಲ್ಲ, ವಿಧವೆಯನ್ನೂ ಕಾಪಾಡುವುದಿಲ್ಲ.

ಕೆಲಸಕ್ಕೆ ಸೇರಿದ ದಿನವೇ ಈ ಹಕ್ಕುಗಳನ್ನು ನೌಕರನಿಗೆ ಅವನಿಗೆ ತಿಳಿಯುವ ಭಾಷೆಯಲ್ಲಿ ಬರೆದು ಕೊಡಬೇಕು ಎಂಬ ನಿಯಮ 2017ರ ತಿದ್ದುಪಡಿಯಿಂದ ಬಂತು; ತಪ್ಪಿದರೆ ₹50,000ದಿಂದ ₹1 ಲಕ್ಷದವರೆಗೆ ದಂಡವಿತ್ತು. ನಮ್ಮ ಎರಡೂ ಊರುಗಳಲ್ಲಿ ಕನ್ನಡದ ಜೊತೆ ಉರ್ದು, ಮರಾಠಿ ಮಾತಾಡುವ ಕಾರ್ಮಿಕರಿದ್ದಾರೆ. ಓದಲು ಬಾರದವರಿಗೆ ದಫೇದಾರನೋ ಆರೋಗ್ಯ ನಿರೀಕ್ಷಕನೋ ಓದಿ ಹೇಳಲಿ. ಪಾಲಿಸಿಯ ಸಂಖ್ಯೆ, ಮುಗಿಯುವ ದಿನ, ಅಪಘಾತವಾದರೆ ಫೋನ್ ಮಾಡಬೇಕಾದ ನಂಬರ್ ಈ ಮೂರನ್ನು ದಪ್ಪ ಅಕ್ಷರದಲ್ಲಿ ಬರೆದು, ಬೆಳಿಗ್ಗೆ ಹಾಜರಿ ಹಾಕುವ ಜಾಗದಲ್ಲೇ ಅಂಟಿಸಿ. ಪೌರಾಯುಕ್ತರ ಕೊಠಡಿಯ ಗೋಡೆಯ ಮೇಲೆ ಅದನ್ನು ಓದುವವರು ಯಾರೂ ಇಲ್ಲ.